ಬಂದರಿನ ಚರಿತ್ರೆ ಬರೆದ ತಮ್ಮ

ಮೂವತ್ತೊಂದು ವರ್ಷ ಹಡಗುಗಳನ್ನು ಸಮುದ್ರದಿಂದ ನದಿಯೊಳಗೆ ನಡೆಸಿಕೊಂಡು ಬಂದ ಪೈಲಟ್ ಅಣ್ಣ. ಎಲ್ಲಿ ಮರಳು ಮೇಲೆದ್ದಿದೆ, ಎಲ್ಲಿ ನೀರು ಆಳವಿದೆ ಎಂಬುದು ಅವನಿಗೆ ಕರತಲಾಮಲಕ. ತಮ್ಮ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು. ದೋಣಿ ಹತ್ತಿದರೆ ವಾಂತಿ. ಆದರೂ ಊರಿನ ನದಿ ಬಂದರಿನ ಚರಿತ್ರೆ ಬರೆಯಲು ನಗರಸಭೆ ಕರೆದದ್ದು ತಮ್ಮನನ್ನು. ಸುದ್ದಿ ಕೇಳಿದ ದಿನ ಅಣ್ಣ ಅರ್ಧ ಊಟಕ್ಕೇ ತಟ್ಟೆ ಸರಿಸಿದ.

"ನೀರಿಗಿಳಿಯದವನು ನದಿ ಬಗ್ಗೆ ಬರೀತಾನಂತೆ," ಎಂದು ಹೆಂಡತಿಯ ಮುಂದೆ ಗೊಣಗಿದ.

"ನಿಮ್ಮನ್ನ ಕರೆದಿದ್ರೆ ಒಂದು ಪುಟ ಬರೀತಿದ್ರಾ? ಒಂದು ಚೀಟಿ ಬರೆಯೋಕೂ ನಿಮಗೆ ಸೋಮಾರಿತನ," ಎಂದಳು ಅವಳು.

ಅಚ್ಚಿಗೆ ಹೋಗುವ ಮೊದಲು ತಮ್ಮ ಹಸ್ತಪ್ರತಿ ತಂದುಕೊಟ್ಟ. "ಅಣ್ಣಾ, ಒಂದ್ಸಲ ಕಣ್ಣಾಡಿಸು. ತಪ್ಪಿದ್ರೆ ಮುಲಾಜಿಲ್ಲದೆ ಹೇಳು."

ಓದುತ್ತ ಹೋದಂತೆ ಅಣ್ಣನ ಹೊಟ್ಟೆ ಇನ್ನಷ್ಟು ಉರಿಯಿತು. ಅಷ್ಟು ಚೆನ್ನಾಗಿತ್ತು ಬರಹ. ಒಳನಾಡಿನ ಹತ್ತಿ, ಗೋಧಿ ದೋಣಿಗಳಲ್ಲಿ ಇಳಿದುಬಂದು ಇಲ್ಲಿ ಹಡಗೇರುತ್ತಿದ್ದದ್ದು, ಹೊರದೇಶದ ಕಬ್ಬಿಣ, ಗಾಜು ಇಲ್ಲಿಂದ ಮೇಲಿನ ಊರುಗಳಿಗೆ ಹೋಗುತ್ತಿದ್ದದ್ದು ಕಣ್ಣಿಗೆ ಕಟ್ಟುವಂತಿತ್ತು. ಒಂದೇ ಕಡೆ ತಮ್ಮ ಎಡವಿದ್ದ: ಗೋದಾಮುಗಳಿಗೆ ಬೆಂಕಿ ಬಿದ್ದದ್ದರಿಂದ ಹತ್ತಿ ವ್ಯಾಪಾರ ಸಮುದ್ರತೀರದ ಬಂದರಿನ ಪಾಲಾಯಿತು ಎಂದು ಬರೆದಿದ್ದ. ನಿಜಕ್ಕೂ ಬಂದರಿಗಿಂತ ಕೆಳಗೆ ನದಿಗೆ ಸೇತುವೆ ಕಟ್ಟಿದ ಮೇಲೆ ಅದರ ಕಂಬಗಳ ಸುತ್ತ ಮರಳು ತುಂಬಿ, ದೊಡ್ಡ ಹಡಗುಗಳು ಇಲ್ಲಿವರೆಗೆ ಬರಲಾಗದೆ ಹೋಗಿತ್ತು.

"ಎಲ್ಲಾ ಸರಿಯಾಗಿದೆ," ಎಂದು ಅಣ್ಣ ಹಸ್ತಪ್ರತಿ ಹಿಂದಿರುಗಿಸಿದ.

ಪುಸ್ತಕ ಬಿಡುಗಡೆಯ ದಿನ ಸಭಾಂಗಣ ತುಂಬಿತ್ತು. ತಮ್ಮ ಆ ಪುಟವನ್ನೇ ಓದಿದ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಬಂದರು ಅಧಿಕಾರಿ ಎದ್ದು, "ಮೇಷ್ಟ್ರೇ, ಬೆಂಕಿ ಬಿದ್ದಿದ್ದು ಒಂದೇ ಗೋದಾಮಿಗೆ. ಹಡಗು ತಡೆದಿದ್ದು ಮರಳು. ನಿಮ್ಮಣ್ಣನ್ನ ಕೇಳಿದ್ರೆ ಹೇಳ್ತಿದ್ರಲ್ಲ!" ಎಂದರು. ಜನ ಗೊಳ್ಳೆಂದು ನಕ್ಕರು.

ಈ ಗಳಿಗೆಗಾಗಿಯೇ ಕಾದಿದ್ದ ಅಣ್ಣನಿಗೆ ನಗು ಬರಲಿಲ್ಲ. ತಮ್ಮ ಒಮ್ಮೆ ಅವನತ್ತ ನೋಡಿ, "ಕೇಳೋದು ಬಿಟ್ಟುಹೋಯ್ತು ಸಾರ್. ತಪ್ಪು ನಂದೇ," ಎಂದ. ಜನ ಚಪ್ಪಾಳೆ ತಟ್ಟಿದರು. ಇದರಲ್ಲೂ ಇವನೇ ದೊಡ್ಡವನಾದನಲ್ಲ ಎಂದು ಅಣ್ಣ ಒಳಗೊಳಗೇ ಕುದಿದ.

ಮರುದಿನ ಬೆಳಿಗ್ಗೆ, ತಡೆಯಲಾರದೆ, ತಮ್ಮನ ಮನೆಗೆ ಹೋದ. "ನಂಗೆ ಗೊತ್ತಿತ್ತು ಕಣೋ. ಬೇಕಂತಲೇ ಹೇಳಲಿಲ್ಲ."

"ಹೊಟ್ಟೆಕಿಚ್ಚಾ?"

"ಹೂಂ."

ತಮ್ಮ ಮೇಜಿನ ಮೇಲಿದ್ದ ಪುಸ್ತಕ ತೆರೆದು ಆ ಪುಟ ತೆಗೆದ. ಆಮೇಲೆ ಕುರ್ಚಿ ಎಳೆದು, "ಕೂತ್ಕೋ. ನೀನು ಹೇಳು, ನಾನು ಬರ್ಕೋತೀನಿ," ಎಂದ.

ಎರಡನೆಯ ಮುದ್ರಣದಲ್ಲಿ ಹಡಗಿನ ದಾರಿಯ ಬಗ್ಗೆ ಹೊಸ ಅಧ್ಯಾಯವೊಂದು ಸೇರಿತು. ಮುಖಪುಟದಲ್ಲಿ ಇಬ್ಬರ ಹೆಸರೂ ಬಂತು. ಅಣ್ಣ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನನ್ನ ಹೆಸರು ಯಾಕೋ ಕೆಳಗಿದೆ?" ಎಂದ.