ಪಡುವಲು ಯಾವ ಕಡೆ?

ಜನಾಜಾ ಎತ್ತುವಾಗ ಹೆಗಲು ಕೊಡಲು ಬಂದ ಹಸಿರು ಟವೆಲ್ಲಿನವನ ಕೈಯನ್ನು ಅಫ್ರೋಜ್ ಪಕ್ಕಕ್ಕೆ ತಳ್ಳಿಬಿಟ್ಟ.

"ನೀನು ಬ್ಯಾಡ."

ನ್ಯಾಮತಿಯ ಆ ಓಣಿಯಲ್ಲಿ ಸೇರಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪನ ಶವದ ಮುಂದೆ ಮಗ ಹೀಗೆ ನಡೆದುಕೊಳ್ಳುವುದೇ? ಬಂದವನು ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಗೆ ಸರಿದು ನಿಂತ.

"ಯಾರೋ ಅವ್ನು?" ಪಕ್ಕದ ಮನೆಯ ಕಲ್ಲೇಶ್ ಮೆಲ್ಲಗೆ ಕೇಳಿದ.

"ಜಗಳೂರಿನವ್ನು. ಆ ವಿಡಿಯೋದಾಗೆ ಅಬ್ಬಾನ್ನ ಓಡಿಸಿದ್ನಲ್ಲ, ಅವ್ನೇ."

"ಮತ್ತೆ ಇಲ್ಲಿಗೆ ಯಾಕೆ ಬಂದಾನೆ?"

"ಅದೇ ನಂಗೂ ಡೌಟು. ಅವನ ಫೋನಿನ ಮ್ಯಾಲೆ ಒಂದು ಕಣ್ಣಿಟ್ಟಿರು."

ಕಲ್ಲೇಶ್ ಎರಡೂ ಕಣ್ಣಿಟ್ಟ.

*

ಅಫ್ರೋಜನ ಅಪ್ಪ ದಾವೂದ್ ಚನ್ನಗಿರಿ, ಹೊನ್ನಾಳಿ, ಜಗಳೂರು ಎಂದು ಸಂತೆಯಿಂದ ಸಂತೆಗೆ ತಿರುಗುತ್ತ ಗ್ಯಾಸ್ ಒಲೆ ರಿಪೇರಿ ಮಾಡುತ್ತಿದ್ದವನು. ನಮಾಜಿನ ಹೊತ್ತಾದರೆ ಬಿಚ್ಚಿದ ಬರ್ನರನ್ನು ಹಾಗೇ ಬಿಟ್ಟು, ಕೈಕಾಲು ಮುಖ ತೊಳೆದು, ಜನ ಓಡಾಡುವ ದಾರಿ ತಪ್ಪಿಸಿ ಚಾಪೆ ಹಾಸುತ್ತಿದ್ದ. ಮಗ ಬೇಡವೆಂದರೆ, "ಕದ್ದು ಮಾಡಾಕೆ ಅದೇನು ಇಸ್ಪೀಟಾ?" ಎಂದು ನಗುತ್ತಿದ್ದ.

ಹೋದ ವರ್ಷ ಜಗಳೂರಿನ ಸಂತೆಯಲ್ಲಿ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, ಮೇಲೊಂದು ಹಾಡು ಸೇರಿಸಿ ಹರಿಯಬಿಟ್ಟರು. ಮಾತು ಕೇಳಿಸುತ್ತಿರಲಿಲ್ಲ. ದಾವೂದ್ ಚಾಪೆ ಹಿಡಿದು ನಿಂತಿದ್ದಾನೆ. ಹಗ್ಗ ಮಾರುವವನೊಬ್ಬ ಮುಖ ಗಂಟಿಕ್ಕಿ ದೂರಕ್ಕೆ ಕೈ ಚಾಚುತ್ತಾನೆ. ದಾವೂದ್ ಆ ಕಡೆ ತಿರುಗಿ ನಾಲ್ಕು ಹೆಜ್ಜೆ ಇಡುತ್ತಾನೆ, ಅಲ್ಲಿಗೆ ವಿಡಿಯೋ ಮುಗಿಯುತ್ತದೆ. 'ಸರಿಯಾಗಿ ಓಡಿಸಿದ' ಎಂದು ಕೆಳಗೆ ಜನ ಬರೆದದ್ದನ್ನೆಲ್ಲ ಅಫ್ರೋಜ್ ಕೊನೆಯತನಕ ಓದಿದ.

"ಇನ್ಮ್ಯಾಲೆ ಸಂತೆಗೆ ಹೋಗಂಗಿಲ್ಲ," ಎಂದು ಅಪ್ಪನ ಸಾಮಾನಿನ ಪೆಟ್ಟಿಗೆಗೆ ಬೀಗ ಹಾಕಿದ.

"ಅವ್ನು ಒಳ್ಳೇನು ಕಣೋ. ಅಲ್ಲಿ ಆಗಿದ್ದೇನು ಅಂದ್ರೆ..."

"ನೀವು ಎಲ್ರನ್ನೂ ಒಳ್ಳೇರು ಅಂತೀರಿ."

ದಾವೂದ್ ಮತ್ತೆ ಆ ಮಾತೆತ್ತಲಿಲ್ಲ. ಮನೆಯೊಳಗೇ ನಮಾಜು, ಮನೆಯೊಳಗೇ ಊಟ. ಬರುಬರುತ್ತ ಊಟವೂ ಕಡಿಮೆಯಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಫೋನಿನಲ್ಲಿ ಕಂಡದ್ದನ್ನು ಪ್ರಮಾಣಿಸುವ ತಾಳ್ಮೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

*

ಮಣ್ಣು ಕೊಟ್ಟು ಹೊರಬಂದಾಗ ಆ ಮನುಷ್ಯ ಖಬರಸ್ಥಾನದ ಗೇಟಿನ ಬಳಿ ನಿಂತೇ ಇದ್ದ. ಅಫ್ರೋಜ್ ನೇರ ಅವನ ಮುಂದೆ ಹೋಗಿ ನಿಂತ.

"ನೋಡಾಕೆ ಬಂದಿದ್ಯಲ್ಲ, ನೋಡಾತು. ಇನ್ನು ನಡಿ."

"ತಮ್ಮಾ, ನಾನು ದುರುಗಣ್ಣ. ಸಂತೆಯಾಗೆ ನಿಮ್ಮಪ್ಪಾರ ಪಕ್ಕದಾಗೆ ಹಗ್ಗ ಮಾರೋನು. ಬೆಳಿಗ್ಗೆ ಸುದ್ದಿ ಗೊತ್ತಾತು, ಬಸ್ ಹತ್ತಿದೆ."

"ಗೊತ್ತು. ಕೈ ತೋರಿಸಿ ಓಡಿಸಿದವ್ನು."

"ಓಡಿಸಿದ್ನಾ?" ದುರುಗಣ್ಣ ತನ್ನ ಕೈಯನ್ನೇ ನೋಡಿಕೊಂಡ. "ಅಯ್ಯೋ, ಅದಾ? ನಮಾಜಿಗೆ ಪಡುವಲು ಯಾವ ಕಡೆ ಅಂತ ಸಾಬ್ರು ವಾರ ವಾರ ನನ್ನೇ ಕೇಳೋರು. ಸೂರ್ಯ ಕಣ್ಣೆದುರಿಗೇ ಇಳೀತಿರ್ತಾನೆ, ಆದ್ರೂ ಕೇಳೋರು! ಸುಳ್ಳು ಯಾಕೆ ಹೇಳ್ಲಿ, ಮೊದಲು ನಂಗೆ ಅವರನ್ನ ಕಂಡ್ರೆ ಆಗ್ತಿರ್ಲಿಲ್ಲ. ಇದೇನೋ ಮಸಲತ್ತು ಐತೆ ಅಂತ ಗುರಾಯಿಸ್ತಿದ್ದೆ. ಒಂದಿನ ಬೇಕಂತ್ಲೇ ತಪ್ಪು ದಿಕ್ಕು ತೋರಿಸಿದೆ. 'ಇವತ್ತು ಸೂರ್ಯ ಅಲ್ಲಿ ಮುಳುಗ್ತಾನೇನಣ್ಣಾ?' ಅಂತ ನಕ್ಕುಬಿಟ್ರು. ಮುಂದಿನ ವಾರ ಮತ್ತೆ ನನ್ನೇ ಕೇಳಿದ್ರು. ಗುರಾಯಿಸೋನಿಗೇ ಕೆಲ್ಸ ಕೊಡ್ಬೇಕು ಅನ್ನೋರು."

"ವಿಡಿಯೋದಾಗೆ ಮುಖ ಗಂಟಿಕ್ಕಿಕೊಂಡಿದ್ಯಲ್ಲ?"

"ನನ್ನ ಮುಖ ಹುಟ್ಟಿದಾಗಿಂದ್ಲೂ ಹಿಂಗೇ ಐತಪ್ಪಾ."

ಅದು ನಿಜವಾಗಿತ್ತು. ಈಗಲೂ ಹಾಗೇ ಇತ್ತು.

"ಸಾಬ್ರು ಬರೋದು ಯಾಕೆ ಬಿಟ್ರು ತಮ್ಮಾ? ನನ್ನ ಮ್ಯಾಲೆ ಏನಾದ್ರೂ ಬೇಜಾರಿತ್ತಾ?"

"ಇಲ್ಲಣ್ಣಾ. ನಾನೇ ಬಿಡ್ಲಿಲ್ಲ ರೀ. ಕೂಡಿಹಾಕಿಬಿಟ್ಟೆ."

ಬೆಳಗಿನಿಂದ ಅಳದ ಅಫ್ರೋಜ್ ಆಗ ಗೇಟು ಹಿಡಿದು ಬಿಕ್ಕಿಬಿಕ್ಕಿ ಅತ್ತ. ಕಲ್ಲೇಶ್ ಬಂದು ಬೆನ್ನಿಗೆ ಕೈಯಿಟ್ಟ.

ಇಳಿಹೊತ್ತಿನ ಅಸರ್ ನಮಾಜಿನ ಆಜಾನ್ ಕೇಳಿಸಿತು. ಉಳಿದವರು ಮಸೀದಿಯತ್ತ ಹೊರಟರು. ಅಫ್ರೋಜ್ ಹೋಗಲಿಲ್ಲ. ಗೇಟಿನ ಪಕ್ಕದ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ರಸ್ತೆ ಬದಿಯಲ್ಲಿ ಏನೂ ಹಾಸದೆ ನಿಂತ. ಬಯಲಲ್ಲಿ ಒಬ್ಬನೇ ನಮಾಜಿಗೆ ನಿಂತದ್ದು ಅದೇ ಮೊದಲು.

ಹೋಗುತ್ತಿದ್ದ ಬೈಕೊಂದು ನಿಧಾನವಾಯಿತು. ಹಿಂದೆ ಕುಳಿತವನು ಜೇಬಿನಿಂದ ಫೋನ್ ತೆಗೆದು ಎತ್ತಿ ಹಿಡಿದ. ಅಫ್ರೋಜನಿಗೆ ಅದು ಗೊತ್ತಾಯಿತು. ಗೊತ್ತಾದರೂ ಅವಸರ ಮಾಡದೆ ಬಾಗಿ, ಹಣೆಯನ್ನು ನೆಲಕ್ಕೆ ಹಚ್ಚಿದ. ಎದ್ದು ಕೂತಾಗ ಹಣೆಗೆ ಜಲ್ಲಿಯ ಪುಡಿ ಮೆತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.