ಬೆರಳು ಹೋಗದ ಕೊಳವೆ

ಅಂಗಳದಲ್ಲಿ ನೆಂಟರು ಶೈಲಾಳ ಮಾವ ಹನುಮಣ್ಣನ ಹೆಣಕ್ಕೆ ನೀರು ಹಾಕುತ್ತಿದ್ದರು. ಒಳಕೋಣೆಯಲ್ಲಿ ಶೈಲಾ ಅವನ ದಮ್ಮಿಗೆ ಔಷಧಿಯ ಹಬೆ ಕೊಡುತ್ತಿದ್ದ ಮಿಷನ್ನನ್ನು ಕೌದಿಗಳ ಅಡಿಗೆ ತುರುಕುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಅಂಜಮ್ಮ ಬಂದಳು. ಸೊಂಟದ ಮೇಲೆ ಗೊರಗೊರ ಎನ್ನುವ ಮೊಮ್ಮಗಳು.

“ಇಂಥ ಹೊತ್ತಲ್ಲಿ ಕೇಳಬಾರ್ದು ಕಣವ್ವ. ಕೂಸು ನಿನ್ನೆಯಿಂದ ಉಸಿರು ಎಳ್ಕಣಾಕೆ ಒದ್ದಾಡ್ತೈತೆ. ನಿಮ್ಮಾವನ ಮಿಷನ್ನು ಇನ್ನು ಯಾರಿಗೆ ಬೇಕು?”

“ಅದು ಕೆಟ್ಟೈತೆ, ದೊಡ್ಡವ್ವ.”

“ಮೊನ್ನೆ ಗುಂಯ್ ಅನ್ನಾದು ನಮ್ಮನೆಗಂಟ ಕೇಳಸ್ತಿತ್ತಲ್ಲ?”

ಶೈಲಾ ಕೌದಿಯನ್ನು ಇನ್ನಷ್ಟು ಎಳೆದು ಮುಚ್ಚಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳ ಸುಳ್ಳು ಹೊಸ್ತಿಲನ್ನೂ ದಾಟುವುದಿಲ್ಲ.

*

ಬಿಳಿಚೋಡು, ಜಗಳೂರಿನ ಸಂತೆಗಳಲ್ಲಿ ಸ್ಟೀಲ್ ಪಾತ್ರೆ ಮಾರುತ್ತಲೇ ಮುದುಕನಾದವನು ಹನುಮಣ್ಣ. ಅವನದೊಂದು ಹುಚ್ಚು. ಕೊಳ್ಳಲು ಬಂದ ಹೆಂಗಸರ ಕೈಯನ್ನು ಚೊಂಬಿನೊಳಗೆ ಹಾಕಿಸುವನು. “ತಳ ಮುಟ್ತೈತೇನವ್ವ? ಮುಟ್ಟದಿದ್ರೆ ಬ್ಯಾಡ ಬಿಡು, ತೊಳೆಯಾಕೆ ಆಗಲ್ಲ.” ಹೀಗೆ ಅದೆಷ್ಟು ಗಿರಾಕಿಗಳನ್ನು ಓಡಿಸಿದನೋ!

ಮಗ ಭೀಮೇಶ್ ಮಿಷನ್ನು ತಂದ ದಿನ, ಔಷಧಿ ಬಟ್ಟಲಿಗೂ ಮಾಸ್ಕಿಗೂ ನಡುವಿನ ಬಾಗಿದ ಕೊಳವೆಗೆ ಮುದುಕ ಕಿರುಬೆರಳು ತೂರಿಸಿ ನೋಡಿದ. ಬೆರಳು ಬಾಗಿದ ಕಡೆಯೇ ನಿಂತಿತು. ಬಿಚ್ಚಿ ತೊಳೆಯೋಣವೆಂದರೆ ಎಲ್ಲ ಅಂಟಿಸಿಬಿಟ್ಟಿದ್ದರು. ಹೊರಗೆ ಬೆಳ್ಳಗೆ ಚೆಂದವಿತ್ತು, ಒಳಗೇನಿದೆಯೆಂದು ಕಾಣುತ್ತಿರಲಿಲ್ಲ.

“ಇದನ್ನ ಮಾಡ್ದೋನು ಒಂದಿನಾನೂ ಪಾತ್ರೆ ತೊಳ್ದಿಲ್ಲ ಬಿಡು,” ಎಂದು ನಕ್ಕಿದ್ದ.

“ಬಿಸಿನೀರು ಹಾಕಿ ಕುಲುಕ್ತೀನಿ ಮಾವ, ಹೆದರಬ್ಯಾಡ್ರಿ,” ಎಂದಿದ್ದಳು ಶೈಲಾ.

ದಿನವೂ ಕುಲುಕಿದ್ದಳು. ಹೋದ ವಾರ ಕೊಳವೆಯಿಂದ ಮುಗ್ಗಲು ವಾಸನೆ ಬಂತು. ಅದರ ಬೆನ್ನಿಗೇ ಮಾವನಿಗೆ ಜ್ವರವೂ ಬಂತು, ಮತ್ತೆ ಅವನು ಏಳಲಿಲ್ಲ.

*

“ಸತ್ತೋರ ಸಾಮಾನು ಮನ್ಯಾಗೆ ಯಾಕೆ? ಕೊಟ್ಬಿಡು.” ಒದ್ದೆ ಪಂಚೆಯಲ್ಲೇ ಒಳಬಂದ ಭೀಮೇಶ್ ಕೌದಿ ಸರಿಸಿ, ಮಿಷನ್ನನ್ನು ಅಂಜಮ್ಮನ ಮುಂದಿಟ್ಟು ಹೊರಗೆ ಹೋದ.

ಕೊಳವೆಯ ವಾಸನೆಯ ಮಾತು ಹೇಳಿದರೆ ಸೊಸೆಯೇ ಮಾವನನ್ನು ಕೊಂದಳು ಅನ್ನುತ್ತಾರೆ. ಹೇಳದಿದ್ದರೆ ಈ ಕೂಸು. ಅಂಜಮ್ಮ ಆಗಲೇ ಮಾಸ್ಕನ್ನು ಮಗುವಿನ ಮುಖಕ್ಕೆ ಹಿಡಿದು ಅಳತೆ ನೋಡುತ್ತಿದ್ದಳು.

ಶೈಲಾ ಅದನ್ನು ಕೊಳವೆಸಮೇತ ಕಿತ್ತುಕೊಂಡು ಅಂಗಳಕ್ಕೆ ಓಡಿದಳು. ನೆಂಟರೆಲ್ಲ ನೋಡುತ್ತಿರುವಂತೆಯೇ, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದಳು.

“ಹುಚ್ಚು ಹಿಡೀತೇನೇ ನಿಂಗೆ?” ಭೀಮೇಶ್ ಕೂಗಿದ.

ಬಿಳಿ ಪ್ಲಾಸ್ಟಿಕ್ಕು ಸೀಳಿತು. ಕೊಳವೆ ಬಾಗಿದ ಕಡೆಯೆಲ್ಲ ಕಪ್ಪು ಲೋಳೆ.

“ಜಗಳೂರು ಆಸ್ಪತ್ರೆಗೆ ಎತ್ಕಂಡು ಓಡು, ದೊಡ್ಡವ್ವ. ಇದು ಬ್ಯಾಡ,” ಎಂದಳು ಶೈಲಾ.

ಹೆಣದ ಸುತ್ತ ನಿಂತವರು ಒಬ್ಬೊಬ್ಬರಾಗಿ ಅವಳತ್ತ ತಿರುಗಿದರು. ಬಾಗಿಲಲ್ಲಿ ನಿಂತ ಅಂಜಮ್ಮ ಸೆರಗಿನಿಂದ ಮೊಮ್ಮಗಳ ಮೂಗು, ಬಾಯಿ ಒರೆಸುತ್ತಲೇ ಇದ್ದಳು, ಅಲ್ಲೇನೂ ಅಂಟಿರದಿದ್ದರೂ.