ಲೇಡಿಜ್ ಕ್ಲಾಸಿನ ಪರದೆ

ನಮ್ಮ ಟಾಕೀಸಿನ ಲೇಡಿಜ್ ಕ್ಲಾಸಿನಲ್ಲಿ ಎರಡು ಹೆಣ್ಣು ದೆವ್ವಗಳಿವೆ ಎಂಬ ಸುದ್ದಿ ಹುಟ್ಟಿಸಿದವಳು ನಾನೇ. ಅದಕ್ಕೆ ನನಗೆ ಇವತ್ತಿಗೂ ಕಿಂಚಿತ್ತೂ ಬೇಸರವಿಲ್ಲ. ಕಲಬುರ್ಗಿಯ ಗಂಡಸರು ದೇವರಿಗೂ ಹೆದರುವುದಿಲ್ಲ, ಪೊಲೀಸರಿಗೂ ಹೆದರುವುದಿಲ್ಲ. ಆ ಹೊತ್ತಿನಲ್ಲಿ ನನ್ನ ಕೈಗೆ ಸಿಕ್ಕಿದ್ದು ದೆವ್ವ ಒಂದೇ. ಆದರೆ ನಾನೇ ಕಟ್ಟಿದ ಸುಳ್ಳು ಎಷ್ಟೋ ವರ್ಷದ ಮೇಲೆ ನನ್ನ ಎದೆಯ ಮೇಲೆಯೇ ಬಂದು ಕೂತಿತಲ್ಲ, ಅದನ್ನು ಹೇಳಬೇಕು.

ನಾನು ಚಂದ್ರಾಬಾಯಿ, ಲೇಡಿಜ್ ಗೇಟಿನವಳು. ನಮ್ಮ ಯಜಮಾನರು ಅದೇ ಟಾಕೀಸಿನಲ್ಲಿ ಗುಮಾಸ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ಮ್ಯಾನೇಜರ್ ಇನಾಯತ್ ಸಾಹೇಬರು ನನ್ನನ್ನು ಕರೆಸಿ, "ಬಾಯಿ, ಗೇಟಿಗೆ ಒಬ್ರು ಹೆಣಮಕ್ಕಳು ಬೇಕಾಗ್ಯಾರ್ರಿ, ಬರ್ತೀರೇನು?" ಎಂದರು. ಹೋದೆ. ನಮ್ಮ ಓಣಿಯ ಆಚಾರವಂತರು ಮೂಗು ಮುರಿದರು. ಮುರಿಯಲಿ, ಅವರೇನು ನನ್ನ ಒಲೆ ಹೊತ್ತಿಸುವವರೆ?

ಲೇಡಿಜ್ ಕ್ಲಾಸ್ ಎಂದರೆ ಬಾಲ್ಕನಿಯ ಒಂದು ಮಗ್ಗುಲಿಗೆ ಗೋಡೆ ಕಟ್ಟಿ ಮಾಡಿದ ಜಾಗ. ಹತ್ತಿಳಿಯಲು ಹಿಂದಿನ ಸಂದಿಯಿಂದ ಬೇರೆಯೇ ಮೆಟ್ಟಿಲು. ನಿಜಾಮನ ಕಾಲದಲ್ಲಿ ಅದರ ಮುಂದೆ ಪರದೆ ಇರುತ್ತಿತ್ತಂತೆ. ದೀಪ ಆರಿದ ಮೇಲೆ ಗೇಟಿನವಳು ಪರದೆ ಸರಿಸಬೇಕು. ಇಂಟರ್‌ವಲ್ಲಿಗೆ ದೀಪ ಹತ್ತುವ ಮೊದಲೇ ಎಳೆಯಬೇಕು. ಕೆಳಗಿನ ಗಂಡಸರ ಕಣ್ಣಿಗೆ ಮೇಲಿನ ಹೆಂಗಸರು ಬೀಳಬಾರದು. ನನ್ನ ಕಾಲಕ್ಕೆ ಆ ಪದ್ಧತಿ ಯಾವಾಗಲೋ ಹೋಗಿತ್ತು. ಹಸಿರು ಮಖಮಲ್ಲಿನ ಪರದೆ ಮಾತ್ರ ಧೂಳು ಹಿಡಿದು, ಹಗ್ಗದಿಂದ ಕಂಬಕ್ಕೆ ಕಟ್ಟಿದ ಹಾಗೇ ಉಳಿದಿತ್ತು.

ಶನಿವಾರದ ಮ್ಯಾಟಿನಿಗೆ ತಪ್ಪದೆ ಬರುತ್ತಿದ್ದವರು ಇಬ್ಬರು. ಶಾರದಾಬಾಯಿ ಸೇಡಂ ರಸ್ತೆಯ ಒಂದು ಸ್ಕೂಲಿನಲ್ಲಿ ಟೀಚರು. ಮದುವೆಯಾಗಿರಲಿಲ್ಲ, ಐವಾನ್-ಎ-ಶಾಹಿ ಬಡಾವಣೆಯಲ್ಲಿ ತಾಯಿಯ ಜೊತೆ ಇದ್ದಳು. ಸೂಗಮ್ಮ ಕಮಲಾಪುರದಲ್ಲಿ ನರ್ಸು. ಗಂಡ ಸತ್ತ ಮೇಲೆ ಮೈದುನ ದೌಲಪ್ಪನ ಮನೆಯಲ್ಲೇ ಇದ್ದಳು. ಬಸ್ಸಿಳಿದು ಬರುವಾಗ ಕೈಚೀಲದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ನನಗೆ ಎರಡು ಕೊಟ್ಟೇ ಒಳಗೆ ಹೋಗುತ್ತಿದ್ದಳು. ಕೂಡುವ ಜಾಗವೂ ಗೊತ್ತಾದದ್ದೇ, ಕೊನೆಯ ಸಾಲಿನ ಮೂಲೆ. ಗೋಡೆಯ ಕಡೆ ಶಾರದಾ, ಪಕ್ಕದಲ್ಲಿ ಸೂಗಮ್ಮ. ಎದ್ದರೆ ಫಟ್ ಎಂದು ಮಡಚಿಕೊಳ್ಳುವ ಖುರ್ಚಿಗಳು ಅವು. ಪಿಕ್ಚರ್ ಯಾವುದಿದ್ದರೂ ಅವರ ಕೈ ಒಂದರಲ್ಲೊಂದು ಇರುತ್ತಿತ್ತು. ನಾನೇನು ಕುರುಡಿಯಲ್ಲ. ಆದರೆ ವಾರವಿಡೀ ದುಡಿದು ಬಂದ ಇಬ್ಬರು ಹೆಂಗಸರು ಕತ್ತಲೆಯಲ್ಲಿ ಕೈ ಹಿಡಿದು ಕೂತರೆ ಯಾರ ಗಂಟೇನು ಹೋಗುತ್ತದೆ?

ತೊಂಬತ್ತೇಳನೇ ಇಸವಿಯಲ್ಲಿ ಆ ಪಿಕ್ಚರ್ ಬಂತು. ಯಾವ ದೇಶದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡ ಬಹುಮಾನ ಬಂದಿತ್ತಂತೆ. ಪೋಸ್ಟರಿನಲ್ಲಿ ಇಬ್ಬರು ಹೆಂಗಸರ ಬರಿಯ ಬೆನ್ನು, ಮೇಲೆ ಕೆಂಪು ಅಕ್ಷರದಲ್ಲಿ 'ವಯಸ್ಕರಿಗೆ ಮಾತ್ರ'. ಇಷ್ಟು ಸಾಕಲ್ಲ! ಇನಾಯತ್ ಸಾಹೇಬರು ಬೆಳಗಿನ ಆಟಕ್ಕೆ ಹಾಕಿದರು, ಗಂಡಸರು ಪಾನ್ ಅಂಗಡಿಯ ತನಕ ಪಾಳಿ ಹಚ್ಚಿದರು. ಅಂಥ ಆಟಕ್ಕೆ ಲೇಡಿಜ್ ಕ್ಲಾಸ್ ಬಂದ್. ಟಿಕೆಟ್ಟೇ ಕೊಡುವುದಿಲ್ಲ.

ಆದರೂ ಹಿಂದಿನ ಸಂದಿಯಲ್ಲಿ ಇವರಿಬ್ಬರೂ ಬಂದು ನಿಂತಿದ್ದರು.

"ಎಲ್ಲಾ ಬಿಟ್ಟು ಇದಕ್ಕ ಬಂದೀರೇನ್ರವಾ? ತಲಿ ನೆಟ್ಟಗದ ಇಲ್ಲೋ?" ಎಂದು ಗದರಿಸಿದೆ.

ಶಾರದಾ ನನ್ನ ಕೈ ಹಿಡಿದುಕೊಂಡಳು. "ಮೌಶಿ, ಒಂದು ಮರಾಠಿ ಪೇಪರಿನ್ಯಾಗ ಇದರ ಬಗ್ಗೆ ಓದೇನಿ. ಇದು ನಮ್ಮ ಊರಿಗೆ ಮತ್ತ ಬರೂದಿಲ್ಲ. ಒಂದೇ ಒಂದ್ಸಲ ನೋಡತೇವಿ, ಉಸಿರು ಬಿಡೂದಿಲ್ಲ" ಎಂದಳು. ಮೂವತ್ತೈದು ದಾಟಿದ ಟೀಚರು ಚಿಕ್ಕ ಹುಡುಗಿಯ ಹಾಗೆ ಬೇಡುತ್ತಿದ್ದಳು. ನನ್ನ ಮನಸ್ಸು ಕರಗಿತು. ಬಾಲ್ಕನಿ ಕಡೆಯ ಬಾಗಿಲಿಗೆ ಚಿಲಕ ಹಾಕಿ, ಇವರನ್ನು ಕೂಡಿಸಿ, ನಾನು ಹಿಂದೆ ನಿಂತೆ.

ಪಿಕ್ಚರ್ ಶುರುವಾಯಿತು. ಉಪ್ಪು ತೆಗೆಯುವ ಒಂದು ಊರು, ಗಾಳಿ, ಇಬ್ಬರು ಹೆಂಗಸರು. ಒಬ್ಬಳು ಇನ್ನೊಬ್ಬಳ ತಲೆ ಬಾಚುತ್ತಾಳೆ. ಬಾಚುತ್ತಾಳೆ, ಬಾಚುತ್ತಲೇ ಇರುತ್ತಾಳೆ. ಕೆಳಗೆ ಮೊದಲು ಸಿಳ್ಳೆ, ಆಮೇಲೆ ಆಕಳಿಕೆ.

"ಏ, ಹೇನು ಹೆಕ್ಕೂದು ಮುಗೀತೇನ್ಬೇ?" ಎಂದು ಯಾರೋ ಕೂಗಿದ. ಎಲ್ಲರೂ ನಕ್ಕರು. ಖರೇ ಹೇಳಬೇಕೆಂದರೆ ನನಗೂ ನಗು ಬಂತು.

ಆಮೇಲೆ ಅವರಿಬ್ಬರೂ ಹಾಸಿಗೆಗೆ ಹೋದರು. ಮೈಮೇಲೆ ನೂಲೆಳೆ ಇಲ್ಲ, ಮುಚ್ಚುಮರೆ ಇಲ್ಲ. ಸಿಳ್ಳೆಗಳು ಸೂರು ಹಾರಿಸಿದವು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಮುಚ್ಚಿಕೊಂಡೂ ಸೆರಗಿನ ಅಂಚಿನಿಂದ ನೋಡಿದೆ. ನಾಚಿಕೆಯಾಯಿತು. ಆದರೆ ನಾನು ಅಂದುಕೊಂಡಿದ್ದ ನಾಚಿಕೆ ಅದಲ್ಲ. ಅವರು ಯಾರಿಗೂ ತೋರಿಸುತ್ತಿರಲಿಲ್ಲ. ಒಬ್ಬಳು ಇನ್ನೊಬ್ಬಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳಲ್ಲ, ನನ್ನ ಹದಿನೆಂಟು ವರ್ಷದ ಸಂಸಾರದಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಬೇರೆಯವರ ಮನೆಗೆ ಕದ ತಟ್ಟದೆ ನುಗ್ಗಿದ ಹಾಗೆ ಅನ್ನಿಸಿತು.

ಕೆಳಗೂ ಹಾಗೇ ಅನ್ನಿಸಿರಬೇಕು. ಸಿಳ್ಳೆ ಒಂದೊಂದಾಗಿ ನಿಂತಿತು. ಅಷ್ಟು ದೊಡ್ಡ ಟಾಕೀಸಿನಲ್ಲಿ ಕೆಮ್ಮು ಕೂಡ ಇಲ್ಲ. ಆಮೇಲೆ ಒಬ್ಬ ಸಿಟ್ಟಿನಿಂದ ಎದ್ದು ನಿಂತು, "ಗಂಡಸರೇ ಇಲ್ಲಲ್ಲೋ ಇದ್ರಾಗ!" ಎಂದು ಅರಚಿದ. ಮೋಸ ಹೋದವನ ದನಿ ಅದು.

ಅದೇ ಹೊತ್ತಿಗೆ ಶಾರದಾ ಬಿಕ್ಕಿದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಆದರೂ ತಡೆಯಲಾಗದೆ ಹೊರಗೆ ಬಂತು.

"ಲೇ, ಮ್ಯಾಲ ಹೆಣಮಕ್ಕಳು ಅದಾರಲೇ! ಇಬ್ಬರು!"

ತಲೆಗಳೆಲ್ಲ ಮೇಲೆ ತಿರುಗಿದವು. ಇಂಥ ಪಿಕ್ಚರಿಗೆ ಬರುವ ಹೆಂಗಸರು ಯಾರು? ಯಾವ ಮನೆಯವರು? ಪಿಕ್ಚರಿನ ಹೆಂಗಸರ ಮೇಲೆ ಹುಟ್ಟಿದ ಸಿಟ್ಟೆಲ್ಲ ಇವರ ಕಡೆ ಹೊರಳಿತು. "ಲೈಟ್ ಹಚ್ಚರಿ! ಯಾರದಾರ ನೋಡೂಣು!" ಎಂದು ಕೂಗುತ್ತ ಕೆಲವರು ಬಾಲ್ಕನಿಯ ಮೆಟ್ಟಿಲಿಗೆ ಓಡಿದರು.

ಸೂಗಮ್ಮ ನನ್ನ ತೋಳು ಹಿಡಿದಳು. "ಯಕ್ಕಾ, ಆ ಬಿಳಿ ರುಮಾಲಿನಾಂವ ನಮ್ಮ ಮೈದುನ. ನಂದೂರ ದಾಲ್ ಮಿಲ್ಲಿಗೆ ತೊಗರಿ ಹಾಕಾಕ ಬಂದಾನ. ನನ್ನ ನೋಡಿದ್ರ ಕಡದ ಹಾಕ್ತಾನ್ರಿ."

ಇಬ್ಬರನ್ನೂ ಹಿಂದಿನ ಮೆಟ್ಟಿಲಿಗೆ ನೂಕಿದೆ. ಇಳಿಯಲು ಅವರಿಗೆ ಹೊತ್ತು ಬೇಕಿತ್ತು. ಕಂಬದ ಹಗ್ಗ ಬಿಚ್ಚಿ ಪರದೆ ಜಗ್ಗಿದೆ. ಎಷ್ಟೋ ವರ್ಷದಿಂದ ಅಲುಗದ ಸರಳಿನ ಬಳೆಗಳು ಕಿರ್ರೆಂದು ಕಿರುಚಿದವು. ಪರದೆ ಮುಚ್ಚಿತು, ದೀಪ ಹತ್ತಿತು.

ಬಾಗಿಲು ಒಡೆಯುವ ಹಾಗೆ ಬಡಿದರು. ನಾನು ನಿಧಾನವಾಗಿ ಚಿಲಕ ತೆಗೆದೆ. ದೌಲಪ್ಪನೇ ಮೊದಲು ನುಗ್ಗಿದ. ಪರದೆ ಸರಿಸಿ ನೋಡಿದರೆ ಖುರ್ಚಿಗಳೆಲ್ಲ ಮಡಚಿ ನಿಂತಿವೆ, ಒಂದು ನರಪಿಳ್ಳೆಯೂ ಇಲ್ಲ. ಅಷ್ಟರಲ್ಲಿ ಅವನು ಬಗ್ಗಿ ನೆಲದಿಂದ ಏನನ್ನೋ ಎತ್ತಿದ. ಸೂಗಮ್ಮನ ಬಾಳೆಹಣ್ಣು! ಗಡಿಬಿಡಿಯಲ್ಲಿ ಚೀಲದಿಂದ ಬಿದ್ದಿತ್ತು.

"ಇದು ನಮ್ಮೂರ ಹಣ್ಣು. ಯಾರು ತಂದಾರ?" ಅವನ ಕಣ್ಣು ಸಣ್ಣಗಾದವು.

ಎಲ್ಲಿಂದ ಬಂತೋ ಆ ಮಾತು, ನನಗೆ ತಿಳಿಯದು. "ಮುಟ್ಟಬ್ಯಾಡೋ! ಅದು ಅವರ ನೈವೇದ್ಯ!" ಎಂದು ಚೀರಿ ಕಸಿದುಕೊಂಡೆ.

"ಯಾರ್ದು?"

"ನೀವು ಕಂಡ್ರಲ್ಲ, ಅವರ್ದು. ವಾರಕ್ಕೊಮ್ಮೆ ನಾನೇ ಇಡ್ತೇನಿ. ಎಷ್ಟು ಮಂದಿ ಕಂಡ್ರು?"

"ಇಬ್ಬರು" ಎಂದ ಹಿಂದಿನವನು. ದನಿ ಆಗಲೇ ಇಳಿದಿತ್ತು.

"ನನಗೂ ಇಬ್ಬರೇ. ಇಂದು ಟಿಕೆಟ್ ಕೊಟ್ಟೇ ಇಲ್ಲ, ಕೆಳಗ ಹೋಗಿ ಕೇಳ್ರಿ. ನಾ ಇಲ್ಲಿ ಬಾಗಲಾಗ ಇದ್ದೆ. ಆ ಪರದೆ ಯಾರು ಎಳದ್ರು, ಅದನ್ನ ನೀವೇ ಹೇಳ್ರಿ ನನಗ!" ಎನ್ನುತ್ತ ಕೂತುಬಿಟ್ಟೆ. ನನ್ನ ಕೈಕಾಲು ಗಡಗಡ ನಡುಗುತ್ತಿದ್ದವು. ಅದೊಂದು ಮಾತ್ರ ನಾಟಕವಲ್ಲ.

ದೌಲಪ್ಪ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಬಂದವರು ಒಬ್ಬರ ಹಿಂದೊಬ್ಬರು ಹೊರಟರು. ಮೆಟ್ಟಿಲು ಮುಟ್ಟಿದ ಮೇಲೆ ಓಡಿದರು.

ಸಂಜೆಯೊಳಗೆ ಊರೆಲ್ಲ ಸುದ್ದಿ. ಅಲ್ಲಿ ಹಳೆಯ ಬಾವಿ ಇತ್ತೆಂದು ಒಬ್ಬ, ಅಕ್ಕತಂಗಿ ಬಿದ್ದು ಸತ್ತಿದ್ದರೆಂದು ಇನ್ನೊಬ್ಬ. ನಾನು ಹೇಳದೆ ಬಿಟ್ಟದ್ದನ್ನೆಲ್ಲ ಅವರೇ ತುಂಬಿದರು. ಹೆಂಗಸರು ಬರುವುದು ನಿಂತಿತು, ಲೇಡಿಜ್ ಕ್ಲಾಸಿಗೆ ಬೀಗ ಬಿತ್ತು. "ಬಾಯಿ, ನಿಮ್ಮ ಭೂತ ನನ್ನ ಧಂದಾ ಮುಳುಗಿಸ್ತು" ಎಂದು ಇನಾಯತ್ ಸಾಹೇಬರು ನಕ್ಕರು. ಅವರಿಗೆ ಎಲ್ಲ ಗೊತ್ತಿತ್ತೋ ಏನೋ, ಕೇಳಲಿಲ್ಲ. ನನ್ನನ್ನು ಕೆಳಗಿನ ಗೇಟಿಗೆ ಹಾಕಿದರು. ವಾರಕ್ಕೊಮ್ಮೆ ಬೀಗ ತೆಗೆದು ಬಾಳೆಹಣ್ಣು ಇಡುವುದು ತಪ್ಪಲಿಲ್ಲ. ಬಿಟ್ಟರೆ ಜನಕ್ಕೆ ಸಂಶಯ. ಮರುದಿನ ತಂದು ನಾನೇ ತಿನ್ನುತ್ತಿದ್ದೆ.

ಅವರಿಬ್ಬರೂ ಮತ್ತೆ ಬರಲಿಲ್ಲ. ದೌಲಪ್ಪನ ತಲೆಯಲ್ಲಿ ಹುಳ ಹೊಕ್ಕಿತ್ತು. ಸೂಗಮ್ಮ ಒಬ್ಬಳೇ ಬಸ್ ಹತ್ತುವುದನ್ನೇ ಬಂದ್ ಮಾಡಿದ. ಶಾರದಾ ಒಮ್ಮೆ ಸಂಜೆ ಬಂದಳು. ಅಣ್ಣ ಅವಳನ್ನೂ ತಾಯಿಯನ್ನೂ ಸೊಲ್ಲಾಪುರಕ್ಕೆ ಕರೆದೊಯ್ಯುತ್ತಿದ್ದನಂತೆ. ಗೇಟಿನಲ್ಲಿ ನಿಂತು ಮೇಲೆ ನೋಡಿ, "ಮೌಶಿ, ನಮ್ಮಿಬ್ಬರನ್ನ ಅಲ್ಲೇ ಕೂಡಿಸಿಬಿಟ್ರಿ ನೋಡ್ರಿ" ಎಂದು ನಕ್ಕಳು. ಕಣ್ಣಲ್ಲಿ ನೀರಿತ್ತು. ಉಳಿಸಿದೆ ಎಂದು ಹಿಗ್ಗಿದ್ದ ನನಗೆ ಅವತ್ತು ಊಟ ಸೇರಲಿಲ್ಲ.

ಇದಾಗಿ ಏಳು ವರ್ಷ. ಒಂದು ಬೆಳಿಗ್ಗೆ ಹಣ್ಣು ಇಡಲು ಹೋದೆ. ಕೊನೆಯ ಸಾಲಿನ ಮೂಲೆಯಲ್ಲಿ, ಗೋಡೆಯ ಕಡೆಯ ಖುರ್ಚಿ ಬಿಚ್ಚಿಕೊಂಡಿತ್ತು. ಯಾರೋ ಕೂತಾಗ ಇರುತ್ತದಲ್ಲ, ಹಾಗೆ. ಇಲಿಯ ಕಾಟವೇನೋ ಎಂದು ಬೆರಳಿನಿಂದ ಎತ್ತಿದೆ. ಫಟ್ ಎಂದು ಮಡಚಿತು. ಮರುವಾರ ಮತ್ತೆ ಬಿಚ್ಚಿತ್ತು. ಅದರ ಮರುವಾರವೂ. ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಪಕ್ಕದ ಖುರ್ಚಿ ಮಾತ್ರ ಒಂದು ದಿನವೂ ಬಿಚ್ಚಲಿಲ್ಲ.

ನಾನು ಹೆದರಿದೆ. ಸುಳ್ಳು ಯಾಕೆ ಹೇಳಲಿ, ಹಣ್ಣು ಅಲ್ಲೇ ಬಿಟ್ಟು ಓಡಿ ಬಂದೆ. ನಾನು ಹುಟ್ಟಿಸಿದ್ದು ಇಬ್ಬರನ್ನು. ಇದು ಒಂದೇ ಯಾಕೆ? ಮೂರು ರಾತ್ರಿ ನಿದ್ದೆ ಹತ್ತಲಿಲ್ಲ. ನಾಲ್ಕನೆಯ ದಿನ ಕಮಲಾಪುರದ ಬಸ್ ಹತ್ತಿದೆ.

ಸೂಗಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ತಲೆ ಅರ್ಧ ನರೆತಿತ್ತು. ನನ್ನನ್ನು ಗುರುತು ಹಿಡಿದು, ನೀರು ಕೊಟ್ಟು, ತಾನಾಗಿಯೇ ಹೇಳಿದಳು.

"ಮೈದುನ ಹ್ವಾದ ವರ್ಷ ತೀರಿಕೊಂಡ್ರಿ. ಇನ್ನ ಯಾರ ಅಂಜಿಕಿ ಅಂತ ಸೊಲ್ಲಾಪುರಕ್ಕ ಹೋದೆ. ನಾ ಹೋಗೂದ್ರಾಗ ಶಾರದಾ ಸತ್ತು ದಿನಾ ಎಲ್ಲಾ ಮುಗಿದಿದ್ವು. ನೀವ್ಯಾರು ಅಂತ ಅವರಣ್ಣ ಕೇಳಿದ. ಏನಂತ ಹೇಳ್ಲಿ? ನಮ್ಮ ದವಾಖಾನಿ ಪೇಷೆಂಟ್ ಇದ್ರು ಅಂದೆ." ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಳ್ಳುತ್ತ ಕೇಳಿದಳು, "ಯಕ್ಕಾ, ಟಾಕೀಸಿನ್ಯಾಗ ನಾವಿನ್ನೂ ಇಬ್ಬರೂ ಕಾಣಸ್ತೀವೇನ್ರಿ?"

ಹೂಂ ಅಂದುಬಿಡಬೇಕು ಅನ್ನಿಸಿತು. ಅಷ್ಟೊಂದು ಸುಳ್ಳು ಹೇಳಿದವಳಿಗೆ ಇದೊಂದು ಹೆಚ್ಚೆ? ಆದರೆ ಅವಳ ಮುಖ ನೋಡಿ ನಾಲಿಗೆ ಹೊರಳಲಿಲ್ಲ.

"ಇಲ್ಲವಾ" ಎಂದೆ. "ಒಬ್ಬಾಕೇ."

"ಗೋಡಿ ಕಡೆ ಖುರ್ಚ್ಯಾಗೇನ್ರಿ?"

ಯಾವ ಖುರ್ಚಿ ಎಂದು ನಾನು ಹೇಳಿರಲೇ ಇಲ್ಲ. ಸೂಗಮ್ಮ ಎದ್ದು ಒಳಗೆ ಹೋದಳು. ಇಳಕಲ್ ಸೀರೆ ಉಟ್ಟು, ಗೊನೆಯಿಂದ ಬಾಳೆಹಣ್ಣು ಮುರಿದು ಚೀಲಕ್ಕೆ ಹಾಕಿಕೊಂಡು ಬಂದಳು. "ನಡೀರಿ, ಮ್ಯಾಟಿನಿ ಸಿಗತದ" ಎಂದಳು.

ಅವತ್ತು ಯಾವುದೋ ಹೊಡೆದಾಟದ ಪಿಕ್ಚರ್. ಸಂದಿಯ ಮೆಟ್ಟಿಲು ಹತ್ತಿಸಿ ಬೀಗ ತೆಗೆದೆ. ಗೋಡೆಯ ಕಡೆಯ ಖುರ್ಚಿ ಬಿಚ್ಚಿಯೇ ಇತ್ತು. ನಾನು ಬಾಗಿಲಲ್ಲೇ ನಿಂತೆ. ಸೂಗಮ್ಮನಿಗೆ ಹೆದರಿಕೆಯೇ ಇಲ್ಲ. ನೆಟ್ಟಗೆ ಹೋಗಿ ಪಕ್ಕದ ಖುರ್ಚಿ ಬಿಚ್ಚಿ ಕೂತಳು. ಕೂತು, ನಡುವಿನ ಕೈಯಾಸರೆಯ ಮೇಲೆ ಅಂಗೈ ಮೇಲೆ ಮಾಡಿ ಇಟ್ಟಳು. "ತಡಾ ಆತು, ಸಿಟ್ಟಾಗಬ್ಯಾಡ" ಎಂದದ್ದು ನನಗೆ ಕೇಳಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಇಂಟರ್‌ವಲ್ಲಿಗೆ ದೀಪ ಹತ್ತಿತು. ಕೆಳಗೆ ಕಡಲೆ ಮಾರುವವನ ಕೂಗು, ಗದ್ದಲ. ಅದರೊಳಗಿಂದ ಒಬ್ಬನ ದನಿ ಕಿವಿಗೆ ಬಿತ್ತು.

"ಲೇ, ಮ್ಯಾಲ ನೋಡಲೇ! ಇಬ್ಬರು ಹೆಣಮಕ್ಕಳು ಕುಂತಾರ!"

ಮೂಲೆಯ ಕಡೆ ತಿರುಗಬೇಕೆಂದು ಕುತ್ತಿಗೆ ಜಗ್ಗುತ್ತಿತ್ತು. ನಾನು ತಿರುಗಲಿಲ್ಲ. ಕಂಬದ ಹತ್ತಿರ ಹೋಗಿ, ಹಗ್ಗ ಬಿಚ್ಚಿ, ಪರದೆ ಎಳೆದೆ.